ಸೀಮೆಎಣ್ಣೆಯಲ್ಲಿ ಉಬ್ಬಿದ ರಿಂಗು

ಮೊಗ್ರಾಲಿನ ಬೋಜಣ್ಣನಿಗೆ,

ಕ್ಷೇಮ ವಿಚಾರಿಸಿ ಶುರುಮಾಡಲು ನನಗೆ ಮುಖವಿಲ್ಲ. ನೀವು ದೋಣಿಯ ಎಂಜಿನ್ ಮುಟ್ಟದೆ ಒಂಬತ್ತು ತಿಂಗಳಾಯಿತು. ಅದಕ್ಕೆ ಕಾರಣ ನಿಮ್ಮ ಕೈಯಲ್ಲ, ನನ್ನದು.

ನಮ್ಮ ಬಿಡಿಭಾಗದ ಅಂಗಡಿಯ ಕ್ರಮ ನಿಮಗೆ ಗೊತ್ತೇ ಇದೆ. ಎಣ್ಣೆ, ನೀರು ಸೋರದಂತೆ ತಡೆಯುವ ರಬ್ಬರ್ ರಿಂಗುಗಳನ್ನು ಅಳತೆ ನೋಡಿ ಮೊಳೆಗೆ ನೇತುಹಾಕುವುದು ಅಪ್ಪನ ಕಾಲದಿಂದ ಬಂದದ್ದು. ಹಳೆಯದರ ಪಕ್ಕ ಹೊಸದನ್ನು ಹಿಡಿದು ಸರಿಯಾದರೆ ವ್ಯಾಪಾರ ಮುಗಿಯಿತು. ಎಲ್ಲವೂ ಕಪ್ಪು. ಆದರೆ ಒಂದೇ ಮೊಳೆಯಲ್ಲಿ ಎರಡು ಜಾತಿ ಇರುತ್ತಿದ್ದವು. ನೈಟ್ರೈಲ್ ರಬ್ಬರು ಎಣ್ಣೆಯನ್ನು ತಾಳುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಇಪಿಡಿಎಂ ಎಂಬ ಇನ್ನೊಂದು ಜಾತಿ ಬಿಸಿಲು, ಬಿಸಿನೀರು, ಉಗಿ ಎಲ್ಲವನ್ನೂ ತಾಳುತ್ತದೆ, ಎಣ್ಣೆ ಸೋಕಿದರೆ ಮಾತ್ರ ಉಬ್ಬಿ ಮೆತ್ತಗಾಗುತ್ತದೆ. ಅದು ನೀರಿನ ಪಂಪಿನದು. ಇದೆಲ್ಲ ನನಗೆ ಗೊತ್ತಿತ್ತು. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳೆಂದು ನೀವೆಲ್ಲ ನನ್ನನ್ನು ಟೀಚರೇ ಎನ್ನುತ್ತಿದ್ದಿರಿ. ಕಲಿಸಿದ್ದು ಯಾರಿಗೂ ಇಲ್ಲ.

ಆ ದಿನ ಮೇಜಿನ ಮೇಲೆ ಕವಿತೆಯ ಪುಸ್ತಕ ತೆರೆದಿತ್ತು. ನೀವು ರಿಪೇರಿ ಮಾಡುತ್ತಿದ್ದ ಕುಂಞನ ದೋಣಿಗೆಂದು ನಾನು ಮೊಳೆಯಿಂದ ತೆಗೆದುಕೊಟ್ಟ ರಿಂಗನ್ನು ಹಿಡಿದು ನೀವು ಕೇಳಿದಿರಿ: “ಟೀಚರೇ, ಇದು ಸೀಮೆಎಣ್ಣೆಗೆ ಆಗ್ತದಲ್ಲಾ?” ನನಗೆ ಒಂದು ಸಾಲು ಅರ್ಧದಲ್ಲಿತ್ತು. ತಲೆ ಎತ್ತದೆ, “ಆಗ್ತದೆ ಬೋಜಣ್ಣ,” ಎಂದೆ.

ಎಂಟನೇ ದಿನ ಅಳಿವೆಯಲ್ಲಿ ಆ ರಿಂಗಿನ ಬಳಿ ಎಣ್ಣೆ ಸೋರಿ ಎಂಜಿನ್ನಿಗೆ ಬೆಂಕಿ ಹತ್ತಿತು. ಕುಂಞನ ಮುಂಗೈ ಬೆಂದಿತು. ಕಟ್ಟು ಹಾಕಿದ ಕೈಯಲ್ಲೇ ಬಂದು ಅಂಗಡಿಯೆದುರು ನಿಮ್ಮನ್ನು ಹಂಗಿಸಿದ: “ಕಣ್ಣು ಮಂಜಾದವನಿಗೆ ಎಂಜಿನ್ ಎಂತಕ್ಕೆ ಮಾರಾಯ? ಮನೆಯಲ್ಲಿ ಕೂತು ಬೀಡಿ ಕಟ್ಟು.” ನೀವು ಉಬ್ಬಿದ ರಿಂಗನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದಿರಿ. ನಾನು ಕೊಟ್ಟದ್ದು ನೀರಿನ ಪಂಪಿನ ರಿಂಗೆಂದು ಅದನ್ನು ಕಂಡೊಡನೆ ನನಗೆ ತಿಳಿಯಿತು. ತಿಳಿದೂ, “ಕೂರಿಸುವಾಗ ತಿರುಚಿರಬೇಕು,” ಎಂದೆ.

ನಲವತ್ತು ವರ್ಷ ರಿಂಗು ಕೂರಿಸಿದವರು ನೀವು. ಸ್ಪ್ಯಾನರಿನ ಚೀಲ ಎತ್ತಿಕೊಂಡು ಹೋದಿರಿ.

ಮೊನ್ನೆ ಆ ಮೊಳೆಯ ರಿಂಗುಗಳನ್ನೆಲ್ಲ ಸೀಮೆಎಣ್ಣೆಯ ಬಾಟಲಿಗೆ ಹಾಕಿಟ್ಟೆ. ಮರುದಿನಕ್ಕೆ ಅವುಗಳಲ್ಲಿ ಅರ್ಧ ಉಬ್ಬಿದ್ದವು. ಇಷ್ಟು ಸುಲಭದ ಪರೀಕ್ಷೆ. ಅಂದೇ ಕುಂಞನ ಎದುರು ಮಾಡಬಹುದಿತ್ತು.

ಇಷ್ಟನ್ನು ಬರೆದು ಇವತ್ತು ಬೆಳಗ್ಗೆ ಅವನಿಗೆ ಓದಿ ಹೇಳಿದೆ. ಬೈಯುತ್ತಾನೆಂದು ಕಾದೆ. ಅವನು ಕೈಯ ಕಲೆಯನ್ನು ಒಮ್ಮೆ ನೋಡಿ, “ಕಾಗದ ನಾನೇ ಕೊಂಡುಹೋಗ್ತೇನೆ. ನನಗೂ ಬೋಜನ ಹತ್ರ ಹೇಳ್ಲಿಕ್ಕುಂಟು,” ಎಂದ. ಲಕೋಟೆ ಅಂಟಿಸಿಲ್ಲ. ದಾರಿಯಲ್ಲಿ ಯಾರು ಬೇಕಾದರೂ ಓದಲಿ.

ಕ್ಷಮೆ ಕೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ. ನಿಮ್ಮ ಕೈಗೆ ಅದರ ಕೆಲಸ ಮರಳಿ ಬರಲಿ. ಅಂಗಡಿಗೆ ಬಂದರೆ ನನ್ನನ್ನು ಟೀಚರೇ ಎನ್ನದೆ ಹೆಸರು ಹಿಡಿದೇ ಕರೆಯಿರಿ.

ತಲೆ ತಗ್ಗಿಸಿ,
ಮೋಹಿನಿ