ಓಬವ್ವ ನಿಮ್ಮನ್ನು ನಂಬಿ ಬರೆದ ಕಾಗದ

ತರುಣ ವಾಚನ ಯೋಜನೆಯ ಅಧಿಕಾರಿಗಳಿಗೆ

ಮಾನ್ಯರೇ,

ಹದಿನಾರು ವರ್ಷದ ಹುಡುಗಿಯೊಬ್ಬಳು ನಿಮ್ಮನ್ನು ನಂಬಿ ಬರೆದ ಕಾಗದವನ್ನು ನೀವು ಅವಳ ಶಾಲೆಯ ಮುಖ್ಯೋಪಾಧ್ಯಾಯರಿಗೆ ರವಾನಿಸಿದಿರಿ. ಮೇಲೆ ಕೆಂಪು ಶಾಯಿಯಲ್ಲಿ "ಸೂಕ್ತ ಕ್ರಮಕ್ಕಾಗಿ" ಎಂಬ ಷರಾ ಬೇರೆ. ಆ ಸೂಕ್ತ ಕ್ರಮ ಹೇಗೆ ಜರುಗಿತೆಂದು ನಿಮಗೆ ಯಾರೂ ವರದಿ ಮಾಡಿರಲಾರರು. ನಾನು ಮಾಡುತ್ತೇನೆ.

ನಾನು ಹಿರಿಯೂರಿನಲ್ಲಿ ಕನ್ನಡ ಕಲಿಸುವವಳು. ಹೈಸ್ಕೂಲು ಮಕ್ಕಳಿಗೆಂದು ಪುಟ್ಟದೊಂದು ಕಾದಂಬರಿ ಬರೆದೆ. ಹಾಸ್ಟೆಲಿನಲ್ಲಿ ಜೊತೆಗೆ ಓದುವ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಗೆಳೆತನವೆಂದು ಹೇಳಿ ಜಾರಿಕೊಳ್ಳಬಹುದಾದ ಪ್ರೀತಿಯಲ್ಲ, ಬಾಳನ್ನೇ ಜೊತೆಯಾಗಿ ಕಳೆಯಬೇಕೆನ್ನುವ ಪ್ರೀತಿ. ಬೈಗುಳವಲ್ಲದ ಹೆಸರು ಅದಕ್ಕೆ ನಮ್ಮಲ್ಲಿ ಸಿಗಲಿಲ್ಲ. ಪ್ರೀತಿ ಎಂದೇ ಬರೆದೆ. ದೊಡ್ಡವರಾದ ಮೇಲೆ ಅವರು ಹೊಲಿಗೆ ಅಂಗಡಿ ಇಟ್ಟು ಒಂದೇ ಮನೆಯಲ್ಲಿ ಬದುಕುತ್ತಾರೆ. ಹಸ್ತಪ್ರತಿ ಓದಿ "ನಮ್ಮ ಮಕ್ಕಳಿಗೆ ಇಂಥ ಧೈರ್ಯದ ಪುಸ್ತಕ ಬೇಕು" ಎಂದು ಬರೆದವರು ಯಾರು? ಹೊಳಲ್ಕೆರೆ, ಹೊಸದುರ್ಗದವರೆಗೂ ಹಂಚಿಸಿದವರು ಯಾರು? "ಅನಿಸಿದ್ದನ್ನು ಮುಚ್ಚುಮರೆಯಿಲ್ಲದೆ ನಮಗೆ ಬರೆಯಿರಿ, ಗುಟ್ಟು ಕಾಪಾಡುತ್ತೇವೆ" ಎಂದು ಪ್ರತಿ ಪುಸ್ತಕದ ಹಿಂದೆ ಚೀಟಿ ಅಂಟಿಸಿದವರು ಯಾರು? ಆ ಚೀಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, "ಬರೀರಿ, ಹೆದರಬೇಡ್ರಿ" ಎಂದವಳು ಮಾತ್ರ ನಾನು.

ಆದಿವಾಲದ ಕುರಿಗಾಹಿ ಮನೆಯ ಹುಡುಗಿ ಬರೆದಳು. ಅವಳ ಒಪ್ಪಿಗೆ ಕೇಳಿ, ಅವಳನ್ನಿಲ್ಲಿ ಓಬವ್ವ ಎಂದು ಕರೆಯುತ್ತಿದ್ದೇನೆ. ಅದು ಅವಳ ಹೆಸರಲ್ಲ, ಆದಿವಾಲ ಅವಳ ಊರೂ ಅಲ್ಲ. ಇಷ್ಟು ಸೌಜನ್ಯಕ್ಕೆ ಸರ್ಕಾರಿ ಆದೇಶವೇನೂ ಬೇಕಾಗಲಿಲ್ಲ.

ಅಷ್ಟರಲ್ಲಿ ನಿಮಗೆ ಎಲ್ಲಿಂದಲೋ ದೂರು ಬಂತು. ನನ್ನನ್ನು ಚಿತ್ರದುರ್ಗದ ನಿಮ್ಮ ಕಚೇರಿಗೆ ಕರೆಸಿಕೊಂಡಿರಿ. "ಕೊನೇಲಿ ಒಬ್ಬಳನ್ನಾದ್ರೂ ಸಾಯಿಸಿಬಿಡ್ರಿ ಮೇಡಂ, ಪುಸ್ತಕ ಉಳಿಸ್ಕೊಳ್ಳಾಣ" ಎಂದಿರಿ. ಇಬ್ಬರು ಹುಡುಗಿಯರು ಬಾವಿಗೆ ಬಿದ್ದರೆ ನೀತಿಪಾಠ, ಅಂಗಡಿ ಇಟ್ಟರೆ ಅಶ್ಲೀಲವೇ? ನಾನು ಒಪ್ಪಲಿಲ್ಲ. ವಾರದೊಳಗೆ ಶಾಲೆಗಳಿಂದ ಪುಸ್ತಕಗಳು ವಾಪಸಾದವು. ಆ ಪುಸ್ತಕವನ್ನು ತಾವು ಓದಿಯೇ ಇರಲಿಲ್ಲವೆಂದು ಮೇಲಿನವರಿಗೆ ಬರೆದುಕೊಟ್ಟಿರಿ. ಕ್ರಮ ಕೈಗೊಂಡಿದ್ದೀರೆಂದು ತೋರಿಸಬೇಕಿತ್ತು. ನಿಮ್ಮ ಮೇಜಿನ ಮೇಲೆ ಓಬವ್ವನ ಕಾಗದವಿತ್ತು.

ಸೋಮವಾರ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರು ಅದನ್ನು ಮುನ್ನೂರು ಮಕ್ಕಳ ಮುಂದೆ ಓದಿದರು. "ಉಚ್ಚಂಗಮ್ಮ ಬರದ ದಿನ ನಂಗೆ ಶಾಲೆ ಖಾಲಿ ಅನ್ನಿಸ್ತೈತೆ. ಪುಸ್ತಕದಾಗಿನ ಹುಡುಗಿಗೆ ಆದಂಗೇ ನಂಗೂ ಆಗ್ತೈತೆ. ಇಂಥೋಳು ನಾನೊಬ್ಬಳೇ ಅಂತ ತಿಳ್ಕಂಡಿದ್ದೆ." ಉಚ್ಚಂಗಮ್ಮ ಅವಳ ಪಕ್ಕದಲ್ಲೇ ನಿಂತಿದ್ದಳು (ಅವಳ ಹೆಸರನ್ನೂ ಬದಲಿಸಿದ್ದೇನೆ). ಮಕ್ಕಳು ನಕ್ಕರು. ಮೂರು ವಾಕ್ಯ ಮುಗಿಯುವವರೆಗೆ ನಾನೂ ಅಲುಗಾಡದೆ ನಿಂತಿದ್ದೆ. ಇದನ್ನು ನಿಮ್ಮ ತಲೆಗೆ ಕಟ್ಟಲಾರೆ. ಆಮೇಲೆ ಹೋಗಿ ಅವರ ಕೈಯಿಂದ ಕಾಗದ ಕಿತ್ತುಕೊಂಡೆ. ಅಷ್ಟರಲ್ಲಿ ಓಬವ್ವ ಗೇಟು ದಾಟಿದ್ದಳು. ಉಚ್ಚಂಗಮ್ಮನನ್ನು ಮರುದಿನವೇ ಧರ್ಮಪುರದ ಸೋದರಮಾವನ ಮನೆಗೆ ಸಾಗಿಸಿದರು.

ಭಾನುವಾರ ಓಬವ್ವನ ಅಪ್ಪ ಕಾಟಲಿಂಗಪ್ಪ (ಇದೂ ಬದಲಿಸಿದ ಹೆಸರೇ) ನನ್ನ ಮನೆ ಬಾಗಿಲಿಗೆ ಬಂದರು. ಜಗಳಕ್ಕೇ ಬಂದರೆಂದುಕೊಂಡೆ.

"ನಂಗೆ ಓದಾಕೆ ಬರಲ್ಲ ಟೀಚರಮ್ಮ. ಆ ಪುಸ್ತಕದಾಗೆ ಏನೈತೆ, ಓದ್ರಿ."

ಇಡೀ ಪುಸ್ತಕ ಓದಿದೆ. ಕಂಬಳಿ ಹೊದ್ದು ಗೋಡೆಗೊರಗಿ ಕೇಳಿದರು. ಮುಗಿದ ಮೇಲೆ ಕಂಬಳಿ ಕೊಡವಿ ಎದ್ದರು.

"ನಂಗೆ ಪೂರಾ ತಿಳೀಲಿಲ್ಲ. ಸರಿ ಅಂತಾನೂ ಹೇಳಾಕಾಗಲ್ಲ. ಆದ್ರೆ ಆರು ದಿನ ಆತು, ನನ್ ಮಗಳು ಬಾಯಿ ಬಿಟ್ಟಿಲ್ಲ. ಆಕೆ ಸಾಹೇಬ್ರಿಗೆ ಬರೆದಿದ್ದು. ಸಾಹೇಬ್ರು ಊರಿಗೆಲ್ಲ ಯಾಕೆ ಕೊಟ್ರು?"

ಆ ಪ್ರಶ್ನೆಯನ್ನು ನಿಮಗೆ ತಲುಪಿಸುತ್ತಿದ್ದೇನೆ. ನಿಮ್ಮ ಬಳಿ ಉತ್ತರವಿದೆಯೇ?

ನೆಂಟರು ಗಂಡು ಹುಡುಕಿದ್ದಾರೆ, ಕಾಟಲಿಂಗಪ್ಪ ಸದ್ಯ ಬೇಡವೆಂದಿದ್ದಾರೆ. ಎಷ್ಟು ದಿನ ತಡೆದಾರೋ ತಿಳಿಯದು. ಓಬವ್ವ ಈಗ ಬಬ್ಬೂರಿನ ಕಡೆ ಶೇಂಗಾ ಹೊಲಗಳಿಗೆ ಕಳೆ ಕೀಳಲು ಹೋಗುತ್ತಾಳೆ. ಹೊಲಕ್ಕೇ ಹೋಗಿ ಶಾಲೆಗೆ ಬಾ ಎಂದು ಕರೆದೆ. ತಲೆಯೆತ್ತದೆ ಅಂದಳು: "ನೀವು ಬರೀರಿ ಅಂದ್ರಿ, ಬರೆದೆ ಟೀಚರ್."

ಮಾನ್ಯರೇ, ಪುಸ್ತಕವನ್ನು ಮತ್ತೆ ಕಪಾಟಿಗಿಡಿ ಎಂದು ಇವತ್ತು ಕೇಳುತ್ತಿಲ್ಲ; ಆ ಜಗಳವನ್ನು ಬೇರೆಯಾಗಿ ಆಡುತ್ತೇನೆ. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅದಕ್ಕೆ ಮುಂಚೆ ಒಂದು ಸೋಮವಾರ ನಮ್ಮ ಶಾಲೆಗೆ ಬನ್ನಿ. ಅದೇ ಮುನ್ನೂರು ಮಕ್ಕಳ ಮುಂದೆ ನಿಂತು ಹೇಳಿ: ಕಾಗದ ಬರೆದ ಹುಡುಗಿಯದು ತಪ್ಪಲ್ಲ, ಮಾತು ಕೊಟ್ಟು ಮುರಿದ ನನ್ನದು ತಪ್ಪು. ಎರಡೇ ನಿಮಿಷದ ಕೆಲಸ. ಜೀಪು ಸಿಗದಿದ್ದರೆ ದುರ್ಗದಿಂದ ಹಿರಿಯೂರಿಗೆ ಬಸ್ಸುಗಳು ಬೇಕಾದಷ್ಟಿವೆ.

ಇಂತಿ,
ನಿಮ್ಮ ಮಾತನ್ನು ನಂಬಿದ್ದಲ್ಲದೆ, ನಂಬಿರೆಂದು ಮಕ್ಕಳಿಗೂ ಹೇಳಿಕೊಟ್ಟ
ಏಕನಾಥಮ್ಮ, ಕನ್ನಡ ಅಧ್ಯಾಪಕಿ
ಹಿರಿಯೂರು, ಜನವರಿ ೧೯೭೮