ಆಯಿತು ಎಂದರೆ

ಟೋಕಿಯೊ
೧೪-೧೦-೧೯೬೨

ಸೌಭಾಗ್ಯವತಿ ಸರಸ್ವತಮ್ಮನಿಗೆ,

ಕಾಗದ ತಡವಾಯಿತೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂರುತ್ತೇನೆ, ಎದ್ದು ಕಿಟಕಿಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಮೈ ಚೆನ್ನಾಗಿದೆ, ಅನ್ನವೂ ಸಿಗುತ್ತದೆ. ಮನಸ್ಸು ಮಾತ್ರ ಬಂಗಾರಪೇಟೆ ಸ್ಟೇಷನ್ನಿನಲ್ಲೇ ಇಳಿದುಬಿಟ್ಟಿದೆ.

ಯುದ್ಧವಾದ ಮೇಲೆ ಈ ಜನ ತಮ್ಮ ಶಾಲೆಗಳನ್ನು ಹೇಗೆ ಬದಲಾಯಿಸಿದರೆಂದು ನೋಡಿಬರಲು ತಾನೇ ನಮ್ಮಂಥ ಮೇಷ್ಟರನ್ನು ಕಳಿಸಿದ್ದು? ನೋಡಿದೆ. ಎಲ್ಲ ಮಕ್ಕಳಿಗೂ ಒಂಬತ್ತು ವರ್ಷ ಓದು ಕಡ್ಡಾಯ. ಹುಡುಗರು ಹುಡುಗಿಯರು ಒಂದೇ ಕೋಣೆಯಲ್ಲಿ ಕೂತು ಲೆಕ್ಕ ಮಾಡುತ್ತಾರೆ, ಪಾಠ ಮುಗಿದರೆ ಒಟ್ಟಿಗೇ ನೆಲ ಒರೆಸುತ್ತಾರೆ. ಚಾಂಪಿಯನ್ ರೀಫ್ಸ್‌ನ ನಮ್ಮ ಶಾಲೆಯಲ್ಲಿ ಹೀಗೆ ಒಟ್ಟಿಗೇ ನೆಲ ಒರೆಸಲು ಬಿಟ್ಟರೆ ಊರವರು ನನ್ನನ್ನೇ ಒರೆಸಿಹಾಕುತ್ತಾರೆ. ಇಲ್ಲಿಯ ಹೆಡ್ಮಿಸ್ಟ್ರೆಸ್ ಒಬ್ಬರನ್ನು, "ಹೆತ್ತವರು ಸುಮ್ಮನಿದ್ದರಾ?" ಎಂದು ಕೇಳಿದೆ. "ನಮ್ಮಪ್ಪನೇ ನನ್ನ ಜೊತೆ ಮಾತು ಬಿಟ್ಟಿದ್ದರು" ಎಂದು ನಕ್ಕರು. ನಿಮಗೆ ಹೆಣ್ಣುಮಕ್ಕಳುಂಟೇ ಎಂದರು. ಒಬ್ಬಳು, ಗಂಗರತ್ನ, ಎಂಟನೆಯ ತರಗತಿ ಎಂದೆ.

ನಾನು ಹೊರಟ ದಿನ ನಮ್ಮಮ್ಮ ಅಂದದ್ದು ನಿನಗೆ ನೆನಪಿದೆಯಲ್ಲ: "ಮೈನೆರೆದ ಎಣ್ಣು ಗಂಡುಡುಗ್ರ ಜೊತೆ ಕುಂತ್ಕಂಡು ಏನ್ಲಾ ಓದೋದು? ನೀನ್ ಓಗ್ಬಾ. ಕಾಮಸಮುದ್ರದೋರು ಎಣ್ಣು ಕೇಳಕ್ಕೆ ಬತ್ತಾರೆ, ನಾನ್ ಮಾತಾಡ್ಕತೀನಿ." ಅದಕ್ಕೇ ಇಲ್ಲಿಂದ ನಿನಗೆ ತಂತಿ ಕೊಟ್ಟೆ. ಮದುವೆ ಮಾತು ಬೇಡ, ನಾನು ಬರುವವರೆಗೆ ಶಾಲೆ ಬಿಡಿಸಬೇಡ ಎಂದೆ. ನಿನ್ನ ಉತ್ತರದ ತಂತಿ ಬಂತು. ಒಂದೇ ಮಾತು: ಆಯಿತು.

ಎಷ್ಟು ಹಗುರಾದೆ ಗೊತ್ತಾ! ಸಂತೋಷಕ್ಕೆ ಜೊತೆಯವರಿಗೆಲ್ಲ ಚಹಾ ಕುಡಿಸಿದೆ.

ಆಮೇಲಿನದು ಕೇಳು. ಒಂದು ಶಾಲೆಯಲ್ಲಿ ವಾರವಿಡೀ ಕೂತು ಪಾಠ ನೋಡುತ್ತೇವೆಂದು ಇಲ್ಲಿಯ ಅಧಿಕಾರಿಗಳನ್ನು ಕೇಳಿಕೊಂಡಿದ್ದೆವು. ಅವರು "ಹಾಯ್, ಹಾಯ್" ಎಂದು ತಲೆಯಾಡಿಸಿದ್ದರು. ಹಾಯ್ ಎಂದರೆ ಇವರಲ್ಲಿ ಹೌದು. ಬೆಳಿಗ್ಗೆ ಕೋಟು ಹಾಕಿಕೊಂಡು ನಿಂತರೆ ಕರೆದೊಯ್ಯಲು ಯಾರೂ ಇಲ್ಲ! ನಮ್ಮ ದುಭಾಷಿ ಸಾತೋ ನಕ್ಕುಬಿಟ್ಟರು: "ಅವರ ಹಾಯ್ ಅಂದರೆ ನೀವು ಹೇಳಿದ್ದು ಕೇಳಿಸಿತು ಅಂತ. ಒಪ್ಪಿದೆವು ಅಂತಲ್ಲ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಜೇಬಿನಿಂದ ನಿನ್ನ ತಂತಿ ತೆಗೆದು ಮತ್ತೆ ನೋಡಿದೆ.

ನಮ್ಮಲ್ಲಿ ಊಟಕ್ಕೆ ಬಾ ಎಂದರೂ ಆಯಿತು ಎನ್ನುತ್ತೇವೆ, ಊಟ ಮುಗಿದರೂ ಆಯಿತು ಎನ್ನುತ್ತೇವೆ. ನೀನು ಹೇಳಿದ್ದು ಯಾವ ಆಯಿತು, ಸರಸ್ವತೀ? ನೀವು ಹೇಳಿದ ಹಾಗೇ ಆಗಲಿ ಅಂತಲೋ, ಎಲ್ಲ ಆಗಿಹೋಯಿತು ಅಂತಲೋ? ಅಂದಿನಿಂದ ಯಾವ ಶಾಲೆಗೆ ಕರೆದುಕೊಂಡು ಹೋದರೂ ಕಣ್ಣು ನೋಡುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಭಯವಾಗಿದೆ ಕಣೇ.

ಅಮ್ಮನಿಗೆ ನಮಸ್ಕಾರ ತಿಳಿಸು. ಕೋಪವನ್ನು ನಾನೇ ಬಂದು ತಿಳಿಸುತ್ತೇನೆ. ನಿನಗೂ ಮಗುವಿಗೂ ದೇವರು ಒಳ್ಳೆಯದು ಮಾಡಲಿ.

ಇತಿ ನಿನ್ನ
ಕೋದಂಡಪ್ಪ

ತಾ.ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. ನಿನಗೆ ಓದು ಬಾರದು. ನನ್ನ ಕಾಗದಗಳನ್ನೆಲ್ಲ ನಿನಗೆ ಓದಿ ಹೇಳುವವಳು ಗಂಗರತ್ನ. ಮಗಳೇ, ಇದನ್ನೂ ನೀನೇ ಓದುತ್ತಿದ್ದರೆ ನೀನಿನ್ನೂ ನಮ್ಮ ಮನೆಯಲ್ಲೇ ಇದ್ದೀಯ, ಅಷ್ಟೇ ಸಾಕು, ನನಗೆ ಉತ್ತರವೂ ಬೇಡ. ಬೇರೆ ಯಾರಾದರೂ ಓದುತ್ತಿದ್ದರೆ, ಸ್ವಾಮಿ, ಮೇಲೆ ಮಗಳಿಗೆಂದು ಬರೆದ ಸಾಲನ್ನು ಅವಳಮ್ಮನಿಗೆ ಓದಿ ಹೇಳಬೇಡಿ.