ತಡೆದದ್ದಕ್ಕೆ ಲೆಕ್ಕವಿಲ್ಲ

ಡಾ. ಕೊವಾಲ್ಸ್ಕಿ ಅವರಿಗೆ,

ಮಕ್ಕಳ ವಾರ್ಡಿನ ಪುಟ್ಟ ಔಷಧಾಲಯವನ್ನು ಮುಚ್ಚಬೇಕೆಂಬ ವರದಿಯನ್ನು ನನ್ನ ಹೆಸರಿನಲ್ಲಿ ನಮ್ಮಂಥ ತರಬೇತಿ ಫಾರ್ಮಸಿಸ್ಟ್‌ಗಳ ಸಮ್ಮೇಳನಕ್ಕೆ ಕಳಿಸಿದ್ದೀರಿ. ಆ ಹೆಸರು ತೆಗೆಯಿರಿ.

ಆಸ್ಪತ್ರೆಯ ಔಷಧ ವಿಭಾಗ ನಡೆಸುವುದನ್ನು ಕಲಿಯಲು ನಿಮ್ಮ ಕೈಕೆಳಗೆ ಸೇರಿದವಳು ನಾನು. ನೀವು ಕಲಿಸಿದ ಲೆಕ್ಕದಲ್ಲಿ ಹೊರಗೆ ಹೋದ ಔಷಧಿಯಷ್ಟೇ ಕೆಲಸ, ತಡೆದ ತಪ್ಪು ಸೊನ್ನೆ. ಆ ಔಷಧಾಲಯದಲ್ಲಿ ಕೆಲಸವೇ ಇಲ್ಲ ಎಂದು ವರದಿ ಹೇಳುವುದು ಇದೇ ಲೆಕ್ಕದಿಂದ. ಮಂಗಳವಾರ ಒಂದು ಮಗುವಿಗೆ ಹತ್ತು ಪಟ್ಟು ಹೆಚ್ಚು ಬರೆದಿದ್ದ ಔಷಧಿಯನ್ನು ಆ ಔಷಧಾಲಯದ ಫಾರ್ಮಸಿಸ್ಟ್ ಡೆನೀಸ್ ಹಿಡಿದು ನಿಲ್ಲಿಸಿದರು. ವೈದ್ಯರು ಒಪ್ಪುವವರೆಗೂ ಫೋನಿನಲ್ಲಿ ಜಗಳವಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಬರ್ಕೊಳ್ಳಮ್ಮ, ಡೆನೀಸ್ ಬೆಳಿಗ್ಗೆಯಿಂದ ಸುಮ್ನೆ ಕೂತಿದ್ಲು ಅಂತ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಿಮ್ಮ ಲೆಕ್ಕದ ಪ್ರಕಾರ ಹಾಗೆಯೇ ಬರೆಯಬೇಕಿತ್ತು.

ಇದನ್ನು ಹೇಳಿದಾಗ ನೀವು, "ರೆನೀಟಾ, ನಾಯಕರಾಗೋರು ಇಷ್ಟು ಮೆತ್ತಗಿದ್ರೆ ಹೆಂಗಮ್ಮ?" ಎಂದಿರಿ. ಮೆತ್ತಗಿದ್ದದ್ದಕ್ಕೇ ಇಷ್ಟು ದಿನ ನಿಮ್ಮ ಮಾತಿಗೆಲ್ಲ ತಲೆಯಾಡಿಸಿದ್ದು.

ತಡೆದ ತಪ್ಪುಗಳನ್ನೂ ಎಣಿಸಿ ಹೊಸ ವರದಿ ಬರೆಯಲು ಎರಡು ವಾರ ಕೊಡಿ. ವರದಿಯಿಲ್ಲದೆ ತರಬೇತಿಯ ಪ್ರಮಾಣಪತ್ರವಿಲ್ಲ ಎನ್ನುವುದು ನನಗೆ ಗೊತ್ತು. ಸಮಯ ಕೊಡಲಾಗದಿದ್ದರೆ ಆ ಪ್ರಮಾಣಪತ್ರವನ್ನು ನೀವೇ ಇಟ್ಟುಕೊಳ್ಳಿ.

ಆ ಮಗು ಇವತ್ತು ಮನೆಗೆ ಹೋಯಿತು. ಅದರ ತಾಯಿ ವೈದ್ಯರ ಕೈ ಕುಲುಕಿದರು, ನರ್ಸುಗಳನ್ನು ತಬ್ಬಿಕೊಂಡರು, ಗಾಲಿಕುರ್ಚಿ ತಳ್ಳಿದವನಿಗೂ ಥ್ಯಾಂಕ್ಸ್ ಹೇಳಿದರು. ಡೆನೀಸ್ ಕೂತಿದ್ದ ಔಷಧಾಲಯದ ಕಿಟಕಿಯ ಮುಂದೆಯೇ ಹಾದುಹೋದರು. ಒಳಗೆ ಯಾರಿದ್ದಾರೆಂದು ತಿರುಗಿಯೂ ನೋಡಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ.

ಇಂತಿ,
ರೆನೀಟಾ ಗ್ಯಾಸ್ಕಿನ್ಸ್
ಮಿಲ್ವಾಕಿ